ಹತ್ತೊಂಬತ್ತು ಸೆಕೆಂಡಿನಲ್ಲಿ ಕಂಡ ಟೀಚರ್

೨೦೧೮ರ ಜೂನ್. ಕೊಪ್ಪಳದ ಒಂದು ಸಣ್ಣ ಸಂಜೆ ಪತ್ರಿಕೆಯಲ್ಲಿ ನಾನು ವೆಬ್ ಡೆಸ್ಕ್ ನೋಡಿಕೊಳ್ಳುತ್ತಿದ್ದೆ. ಡೆಸ್ಕ್ ಎಂದರೆ ದೊಡ್ಡದೇನಲ್ಲ. ಒಂದು ಕಂಪ್ಯೂಟರ್, ಒಂದು ಕುರ್ಚಿ, ಅದರ ಮೇಲೆ ನಾನು. ಪತ್ರಿಕೆಯ ಸುದ್ದಿಗಳನ್ನು ಆನ್‌ಲೈನ್ ಪುಟಕ್ಕೆ ಏರಿಸುವುದು, ಓದುಗರು ಕಳಿಸಿದ ಫೋಟೊ, ವಿಡಿಯೊಗಳನ್ನು ಹಾಕುವುದು, ಕೆಳಗೆ ಬರುವ ಕಾಮೆಂಟುಗಳ ಮೇಲೆ ಕಣ್ಣಿಡುವುದು ನನ್ನ ಕೆಲಸ. ಕೊನೆಯದಕ್ಕೆ ಮಾಡರೇಶನ್ ಎನ್ನುತ್ತಾರೆ: ಯಾವ ಕಾಮೆಂಟು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು. ನಾನು ಅದನ್ನು ಕೆಲಸವೆಂದೇ ಎಣಿಸಿರಲಿಲ್ಲ. ಜಾಹೀರಾತು ಮತ್ತು ಫೋನ್ ನಂಬರುಗಳನ್ನು ಅಳಿಸುತ್ತಿದ್ದೆ, ಉಳಿದದ್ದೆಲ್ಲ ಇರಲಿ ಎನ್ನುತ್ತಿದ್ದೆ. ಜನ ಮಾತಾಡಲಿ, ಸತ್ಯ ತಾನೇ ಮೇಲೆ ಬರುತ್ತದೆ ಎನ್ನುವುದು ನನ್ನ ವಾದವಾಗಿತ್ತು.

ವಾದ ನನಗೆ ಹೊಸದಲ್ಲ. ಗಂಗಾವತಿಯಲ್ಲಿ ಕಾಲೇಜು ಓದುವಾಗ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಬೆಳಗ್ಗೆ ಒಂದು ವಿಷಯದ ಪರ, ಮಧ್ಯಾಹ್ನ ಅದೇ ವಿಷಯದ ವಿರೋಧ ಮಾತಾಡಿ ಎರಡಕ್ಕೂ ಬಹುಮಾನ ತಂದಿದ್ದೇನೆ. ಆಧಾರವಿಲ್ಲದ ಮಾತನ್ನು ನಂಬಬಾರದು ಎನ್ನುವುದು ಅಲ್ಲಿಂದ ಬಂದ ಚಟ. ಮನೆಯಲ್ಲಿ ಅವ್ವ "ಮಳಿ ಬರೂಹಂಗ ಐತಿ" ಅಂದರೂ "ಹೆಂಗ ಹೇಳ್ತಿ?" ಎಂದು ಕೇಳುವಷ್ಟು.

ಆ ಸೋಮವಾರ ಬೆಳಗ್ಗೆ ಹತ್ತರ ಹೊತ್ತಿಗೆ ಒಂದು ವಿಡಿಯೊ ಬಂತು. ಹತ್ತೊಂಬತ್ತು ಸೆಕೆಂಡಿನದು. ಕುಕನೂರು ನಿಲ್ದಾಣದಲ್ಲಿ ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಗೆ ಹೋಗುವ ಬಸ್ಸು, ಒಳಗೆ ಕಾಲಿಡಲು ಜಾಗವಿಲ್ಲ. ಮೂವತ್ತು ದಾಟದ ಹೆಣ್ಣುಮಗಳೊಬ್ಬಳು, ಹೆಗಲಿಗೆ ಬ್ಯಾಗು, ಸೀಟಿನಲ್ಲಿ ಕೂತ ಒಬ್ಬ ಹಿರಿಯರಿಗೆ ಹೇಳುತ್ತಿದ್ದಾಳೆ: "ಯಜಮಾನ್ರ, ಏಳ್ರಿ. ಟವಲ್ ಹಾಕಿದ್ದು ನಾನು. ಏಳ್ರಿ ಅಂದ್ರ ಏಳ್ರಿ." ಹಿರಿಯರು ಎದ್ದು, ಮೇಲಿನ ಸರಳು ಹಿಡಿದು ನಿಲ್ಲುತ್ತಾರೆ. ವಿಡಿಯೊ ಮುಗಿಯುತ್ತದೆ.

ನಮ್ಮ ಭಾಗದಲ್ಲಿ ಬಸ್ ಹತ್ತಿದವರಿಗೆ ಟವಲ್ಲಿನ ಕಾನೂನು ಗೊತ್ತು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ಲೋ ಚೀಲವೋ ಒಳಗೆಸೆದರೆ ಆ ಸೀಟು ಎಸೆದವರದು. ಯಾವ ಪುಸ್ತಕದಲ್ಲೂ ಬರೆದಿಲ್ಲ, ಯಾರೂ ಮೀರುವುದಿಲ್ಲ. ಮೀರಿದವರು ಎರಡು ಮಾತು ಕೇಳಿ ಎದ್ದೇಳುತ್ತಾರೆ. ನಾನೂ ದಿನಾ ಎಸೆಯುತ್ತಿದ್ದೆ. ಆದರೂ ಆ ದಿನ ವಿಡಿಯೊ ನೋಡಿದ್ದೇ ತಲೆಯಲ್ಲಿ ಹೊಳೆದದ್ದು ಒಂದು ಒಳ್ಳೆಯ ಚರ್ಚಾ ವಿಷಯ. ಶೀರ್ಷಿಕೆ ಕೊಟ್ಟೆ: "ಟವಲ್ ದೊಡ್ಡದೋ, ವಯಸ್ಸು ದೊಡ್ಡದೋ? ನೀವು ಪರವೋ, ವಿರೋಧವೋ?" ಏರಿಸಿ ಚಹಾ ಕುಡಿಯಲು ಹೋದೆ.

ಸಂಜೆಯೊಳಗೆ ೪೧೨ ಕಾಮೆಂಟು. ನಮ್ಮ ಪುಟದಲ್ಲಿ ಅಷ್ಟು ಹಿಂದೆಂದೂ ಬಂದಿರಲಿಲ್ಲ. ಮೊದಲ ಇಪ್ಪತ್ತು ಟವಲ್ಲು, ವಯಸ್ಸಿನ ಬಗ್ಗೆಯೇ ಇದ್ದವು. ಆಮೇಲೆ ಆಕೆಯ ಬ್ಯಾಗಿನ ಬಗ್ಗೆ, ಸೀರೆಯ ಬಗ್ಗೆ, ಜಾತಿಯ ಬಗ್ಗೆ. ಮಧ್ಯಾಹ್ನ ಯಾರೋ ಒಬ್ಬರು ಹೆಸರು ಬರೆದರು: ರೇಣುಕಾ. ಯಲಬುರ್ಗಾದಾಚೆ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಶಾಲೆಯ ಹೆಸರೂ ಇತ್ತು. ಅದು ಫೋನ್ ನಂಬರ್ ಅಲ್ಲವಲ್ಲ, ನಾನು ಅಳಿಸಲಿಲ್ಲ. ಅಲ್ಲಿಂದ ಮುಂದಿನ ಕಾಮೆಂಟುಗಳು ಆಕೆಯ ತಾಯಿಯನ್ನು ಎಳೆತಂದವು. ಅವುಗಳನ್ನು ಇಲ್ಲಿ ಬರೆಯುವುದಿಲ್ಲ.

ಬುಧವಾರ ಹನ್ನೊಂದಕ್ಕೆ ರೇಣುಕಾ ಅವರೇ ಕಚೇರಿಗೆ ಬಂದರು. ಅರ್ಧ ದಿನ ರಜೆ ಹಾಕಿ ಬಂದಿದ್ದರು. ಕೂರಿ ಎಂದರೂ ಕೂರಲಿಲ್ಲ.

"ಆ ವಿಡಿಯೊ ತಗೀರಿ ಮೇಡಂ."

ನನ್ನ ಅಭ್ಯಾಸದಂತೆ ಹೇಳಿದೆ: "ನಿಮ್ಮ ಪರವಾಗಿ ನೀವೂ ಬರೀರಿ, ಅದನ್ನೂ ಹಾಕ್ತೀವಿ. ಎರಡೂ ಕಡೆಯವರ ಮಾತು ಬರ್ಲಿ."

"ನಾ ಏನ್ ಸ್ಪರ್ಧಾಕ್ಕ ಬಂದೀನೇನ್ರಿ?" ಎಂದರು. "ಟವಲ್ ನಂದಲ್ಲ. ಒಬ್ಬ ಅಜ್ಜ, ಎಂಬತ್ತರ ಮ್ಯಾಲ ಇರಬೇಕು, 'ನನ್ ಕೈ ಕಿಡಕಿಗೆ ಮುಟ್ಟೂದಿಲ್ಲ, ನೀ ಹಾಕ ತಂಗಿ' ಅಂತ ತನ್ನ ಟವಲ್ ಕೊಟ್ಟ. ಹಾಕಿದೆ. ಅವ ಮಂದ್ಯಾಗ ಸಿಕ್ಕು ಹತ್ತೂದ್ರಾಗ ಈ ಯಜಮಾನ್ರು ಕುಂತಬಿಟ್ಟಿದ್ರು. ಎಬ್ಬಿಸಿ ಅಜ್ಜನ್ನ ಕುಂಡ್ರಿಸಿದೆ. ನಾ ನನ್ನ ಸಾಲಿ ಮಟಾ ನಿಂತ ಹೋಗೀನಿ. ಅದು ನಿಮ್ಮ ವಿಡಿಯೋದಾಗ ಇಲ್ಲ."

"ಅದಕ್ಕ ಸಾಕ್ಷಿ?" ಎಂದೆ. ಇವತ್ತಿಗೂ ಆ ಪ್ರಶ್ನೆಯನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ. ವಿಡಿಯೊ ಕಳಿಸಿದವನನ್ನು ನಾನು ಏನನ್ನೂ ಕೇಳಿರಲಿಲ್ಲ.

ಆಕೆ ಶನಿವಾರ ಶಾಲೆಯಲ್ಲಿ ನಡೆಯಬೇಕಿದ್ದ ಸಭೆಯ ವಿಷಯ ಹೇಳಿದರು. ಅತಿಥಿ ಶಿಕ್ಷಕರನ್ನು ವರ್ಷವರ್ಷವೂ ಹೊಸದಾಗಿ ತೆಗೆದುಕೊಳ್ಳಬೇಕು. ಶಾಲೆ ತೆರೆದೊಡನೆ ಪಾಠ ಶುರುವಾದರೂ ಅಲ್ಲಿ ಹೆಸರು ಅಂತಿಮವಾಗುತ್ತಿದ್ದದ್ದು ಎಸ್‌ಡಿಎಂಸಿ, ಎಂದರೆ ಮಕ್ಕಳ ಪಾಲಕರೇ ಇರುವ ಶಾಲಾಭಿವೃದ್ಧಿ ಸಮಿತಿಯ ಮುಂದೆ. ನಾಲ್ಕು ವರ್ಷದಿಂದ ಯಾರೂ ತಕರಾರು ಮಾಡಿರಲಿಲ್ಲ. ಈ ಸಲ ಬೇರೆಯವರನ್ನು ನೋಡೋಣ ಎಂಬ ಮಾತು ಎದ್ದಿತ್ತು. "ನನ್ನ ಮೂರನೇ ಕ್ಲಾಸಿನ ಹುಡುಗ್ರು ಈ ವಿಡಿಯೊ ನೋಡ್ಯಾರ್ರಿ," ಎಂದಷ್ಟೇ ಹೇಳಿ ಹೊರಟರು.

ನಮ್ಮ ಸಂಪಾದಕರು ಹಿರೇಮಠ ಸರ್, ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕಳೆದವರು. ಗೋಡೆಯ ಆಚೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. "ತಪ್ಪು ಹುಡುಕೂದ್ರಾಗ ನೀ ಶಾಣ್ಯಾಕಿ. ಈಗ ನಿಂದು ಹುಡುಕು. ಮೊದ್ಲ ಆ ಕಾಮೆಂಟ್ ಎಲ್ಲಾ ಪ್ರಿಂಟ್ ತಗಿ, ಆಮ್ಯಾಲ ವಿಡಿಯೋ ಸಮೇತ ಅಳಸು," ಎಂದರು. ಪ್ರಿಂಟು ಇಪ್ಪತ್ತಾರು ಹಾಳೆ ಆಯಿತು.

ಗುರುವಾರ ಯಲಬುರ್ಗಾಕ್ಕೆ ಹೋದೆ. ಅತಿ ಹೆಚ್ಚು ಕಾಮೆಂಟು ಹಾಕಿದ್ದ ವ್ಯಕ್ತಿ ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಒಬ್ಬನೇ ಹದಿನೇಳು ಬರೆದಿದ್ದ. ಒರಟು ಮನುಷ್ಯನನ್ನು ಎದುರಿಸಲು ತಯಾರಾಗಿ ಹೋಗಿದ್ದೆ. ಅವನು ಎದ್ದು ನಿಂತು, ಸ್ಟೂಲ್ ಒರೆಸಿ, "ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ, ಚಾ ಕುಡೀರಿ" ಎಂದ. ವಿಷಯ ಹೇಳಿದೆ. ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ ಅವನಿಗೆ.

"ಅವ್ರು ನಮ್ಮ ಓಣಿ ಶಂಕ್ರಪ್ಪ ಕಾಕಾರಿ. ಅವ್ರನ್ನ ಎಬ್ಬಿಸ್ಯಾಳ ಅಂತ ತಲಿ ಕೆಟ್ಟಿತ್ತು."

"ಆಕಿ ಅವ್ವ ಏನ್ ಮಾಡಿದ್ಲು?"

"ಅದು ಫೋನ್ಯಾಗಿಂದಲ್ರಿ ಅಕ್ಕಾರ! ಅದನ್ನೆಲ್ಲ ಮನಸಿಗೆ ಹಚ್ಕೋಬಾರದು. ಎದುರಿಗೆ ಬಂದ್ರ ನಾ ಹಂಗ ಮಾತಾಡ್ತೀನೇನ್ರಿ?"

ಇಲ್ಲ, ಮಾತಾಡುವುದಿಲ್ಲ. ಅದೇ ನನ್ನನ್ನು ಯೋಚನೆಗೆ ಹಚ್ಚಿತು. ಕೆಟ್ಟವರು ಕೆಟ್ಟದ್ದು ಬರೆಯುತ್ತಾರೆ ಎಂದಿದ್ದರೆ ಲೆಕ್ಕ ಸುಲಭವಿತ್ತು. ಇವನು ಒಳ್ಳೆಯವನು. ಬಸ್ಸಿನಲ್ಲಿ ಬಸುರಿಗೆ ಸೀಟು ಬಿಟ್ಟುಕೊಡುವಂಥವನು. ಚರ್ಚಾ ವೇದಿಕೆಯಲ್ಲಿ ಒಂದು ನಿಯಮವಿದೆ, ಏನೇ ಹೇಳುವುದಿದ್ದರೂ ಅಧ್ಯಕ್ಷರನ್ನು ಉದ್ದೇಶಿಸಿ ಹೇಳಬೇಕು, ಎದುರಾಳಿಯ ಕಡೆ ತಿರುಗುವಂತಿಲ್ಲ. ಹುಡುಗಿಯಾಗಿದ್ದಾಗ ಅದು ಬರೀ ಶಿಷ್ಟಾಚಾರ ಅನಿಸಿತ್ತು. ಅದು ಸಿಟ್ಟನ್ನು ಅರ್ಧ ದಾರಿಯಲ್ಲಿ ನಿಲ್ಲಿಸುವ ಉಪಾಯ. ನಮ್ಮ ಪುಟದಲ್ಲಿ ಆ ಅಧ್ಯಕ್ಷರ ಕುರ್ಚಿ ನನ್ನದಾಗಿತ್ತು, ನಾನು ಚಹಾಕ್ಕೆ ಹೋಗಿದ್ದೆ.

ಮೊಬೈಲ್ ಅಂಗಡಿಯವನೇ ನನ್ನನ್ನು ಶಂಕ್ರಪ್ಪನವರ ಬಳಿ ಕರೆದೊಯ್ದ. ಅವರು ದರ್ಜಿ, ವಯಸ್ಸು ಅರವತ್ತೆಂಟು. ಮಷಿನ್ ತುಳಿಯುತ್ತಲೇ ಕೇಳಿಸಿಕೊಂಡರು. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ತಮ್ಮ ಹೆಸರಿನಲ್ಲಿ ನಾಲ್ಕು ದಿನದಿಂದ ಯುದ್ಧ ನಡೆದದ್ದು ಅವರಿಗೆ ಗೊತ್ತಿರಲಿಲ್ಲ.

"ಎಬ್ಬಿಸಿದ್ಲು, ಖರೇ. ಟವಲ್ ಬಿದ್ದಿತ್ತು, ನೋಡೀನೂ ಕುಂತೆ. ಮಣಕಾಲು ನೋಯತಿತ್ತು. ತಪ್ಪು ನಂದಾ. ಆಮ್ಯಾಲ ಅಲ್ಲಿ ಕುಂತ ಅಜ್ಜ ನನಗಿಂತ ಹದಿನೈದು ವರ್ಷ ದೊಡ್ಡಾಂವ. ಅವನ್ನ ನೋಡಿದ ಮ್ಯಾಲೆ ನಾ ಏನ್ ಮಾತಾಡ್ಲಿ?"

ನನ್ನ ಕೈಯಲ್ಲಿದ್ದ ಪ್ರಿಂಟ್ ಹಾಳೆಗಳಲ್ಲಿ ಏನಿದೆ ಎಂದು ಕೇಳಿದರು. ಸೂಕ್ಷ್ಮವಾಗಿ ಹೇಳಿದೆ. ಮಷಿನ್ ನಿಂತಿತು. "ನನ್ನ ಮರ್ಯಾದಿ ಉಳಿಸಾಕ ಆ ಹುಡುಗಿ ಅವ್ವನ್ನ ಬೈದಾರ?" ಎಂದವರೇ ಮೊಬೈಲ್ ಅಂಗಡಿಯವನ ಕಡೆ ತಿರುಗಿದರು. "ನೀನೂ ಬರ್ದೀಯೇನೋ?" ಅವನು ಆಗ ಮೊದಲ ಸಲ ತಲೆ ತಗ್ಗಿಸಿದ.

ಶುಕ್ರವಾರ ಪುಟದಲ್ಲಿ ತಿದ್ದುಪಡಿ ಹಾಕಿದೆ. ನಡೆದದ್ದೇನು, ತಪ್ಪು ಯಾರದು, ಎಲ್ಲ ಸ್ಪಷ್ಟವಾಗಿ. ಬಂದದ್ದು ಹನ್ನೊಂದು ಕಾಮೆಂಟು. ಅದರಲ್ಲಿ ಒಂದು, "ಟೀಚರ್ ನಿಮ್ಮ ಸಂಬಂಧಿಕರೇನ್ರಿ?" ನಾಲ್ಕು ದಿನದಲ್ಲಿ ವಿಡಿಯೊ ಅದೆಷ್ಟೋ ಗ್ರೂಪುಗಳಿಗೆ ಹರಿದು ಹೋಗಿತ್ತು, ನಮ್ಮಲ್ಲಿ ಅಳಿಸಿದರೆ ಅಲ್ಲಿ ಅಳಿಸಿದಂತಲ್ಲ. ಸತ್ಯ ತಾನೇ ಮೇಲೆ ಬರುತ್ತದೆ ಎಂಬ ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಸಭೆ. ಅನುಮತಿ ಕೇಳಿ ನಾನು ಬಾಗಿಲ ಬಳಿ ಕೂತೆ. ಶಂಕ್ರಪ್ಪನವರು ಅಂಗಡಿ ಮುಚ್ಚಿ ನನ್ನ ಜೊತೆ ಬಂದಿದ್ದರು. ನಡೆದದ್ದನ್ನು ಅವರೇ ಹೇಳಿದರು. ಎಲ್ಲರೂ ಒಪ್ಪಿದರು. ವಿಷಯ ಮುಗಿಯಿತೆಂದುಕೊಂಡೆ.

ಮುಗಿಯಲಿಲ್ಲ. ಒಬ್ಬ ಸದಸ್ಯರು ನಿಧಾನವಾಗಿ ಹೇಳಿದರು: "ಟೀಚರ್ ತಪ್ಪು ಮಾಡಿಲ್ಲ ಅಂತ ಇಟಗೋರಿ. ಆದ್ರ ನಮ್ಮ ಸಾಲಿ ಹೆಸರು ಹೋತಲ್ರಿ. ನಾಕುನೂರು ಮಂದಿ ಬರ್ದಾರ ಅಂದ್ರ ಏನೋ ಇರಬೇಕು. ಸುಮ್ಮಸುಮ್ಮನ ಯಾರು ಬರೀತಾರ?"

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಎಣಿಕೆ ಆಧಾರವಾಗುವುದಿಲ್ಲ ಎಂಬುದನ್ನು ಮೂರು ಬಗೆಯಲ್ಲಿ ಸಾಧಿಸಬಲ್ಲೆ. ಬಾಯಿ ತೆರೆಯುವ ಮೊದಲು ಶಂಕ್ರಪ್ಪನವರು ಕೈ ಅಡ್ಡ ಚಾಚಿ ಆ ಸದಸ್ಯರ ಕಡೆ ತಿರುಗಿದರು.

"ಏನ್ ಬರ್ದಾರ? ಓದ್ರಿ. ನನ್ನ ಸಲುವಾಗಿ ಬರ್ದಾರಂತ, ನಾನೂ ಕೇಳ್ತೀನಿ."

ನಾನು ಇಪ್ಪತ್ತಾರು ಹಾಳೆಯನ್ನು ಆ ಸದಸ್ಯರ ಮುಂದಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ಮೊದಲನೆಯದು ಸಲೀಸಾಗಿ ಹೋಯಿತು: ಶಿಕ್ಷಕರಿಗೆ ಇದು ಶೋಭಿಸದು, ಇತ್ಯಾದಿ. ಹಾಳೆ ತಿರುಗಿಸಿದರು. ಒಂದು ಸಾಲು ಓದಿ, ಮುಂದಿನ ಶಬ್ದದ ಬಳಿ ನಿಂತರು. ಅದನ್ನು ಬಿಟ್ಟು ಕೆಳಗಿನದಕ್ಕೆ ಹೋದರು, ಅದೂ ಓದಲಾಗಲಿಲ್ಲ. ಹಾಳೆಯನ್ನು ಪಕ್ಕದವರಿಗೆ ಸರಿಸಿದರು. ಅವರು ಮನಸ್ಸಿನಲ್ಲೇ ಓದಿ ಬೋರಲು ಇಟ್ಟರು.

ರೇಣುಕಾ ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿದ್ದರು. "ಓದ್ರಿ ಸರ್," ಎಂದರು. "ನಾ ಒಬ್ಬಾಕಿ ಕುಂತು ಎರಡೆರಡು ಸಲ ಓದೀನಿ. ನೀವು ಇಷ್ಟು ಮಂದಿ ಅದೀರಿ."

ಯಾರೂ ಓದಲಿಲ್ಲ. ಓದಲು ಕುಳಿತಿದ್ದ ಸದಸ್ಯರು ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು: "ಇವುಗಳ ಪೈಕಿ ಒಂದಕ್ಕ ನಾನೂ ಲೈಕ್ ಒತ್ತೀನ್ರಿ. ಪೂರಾ ಓದಿರಲಿಲ್ಲ."

ಸಮಿತಿಯ ಅಧ್ಯಕ್ಷರು ಒಬ್ಬ ರೈತ; ಅವರ ಇಬ್ಬರು ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದರು. ಅವರು ಮುಖ್ಯೋಪಾಧ್ಯಾಯರ ಕಡೆ ನೋಡಿ, "ಟೀಚರ್ರ ಹೆಸರು ಬರೀರಿ ಸರ. ಆ ಹಾಳಿ ಒಲಿಗೆ ಹಾಕ್ರಿ," ಎಂದರು. ಠರಾವು ಎರಡು ಸಾಲಿನಲ್ಲಿ ಮುಗಿಯಿತು.

ಹೊರಗೆ ಪಡಸಾಲೆಯಲ್ಲಿ ನಾನು ಆಕೆಯ ಕ್ಷಮೆ ಕೇಳಿದೆ.

"ತಪ್ಪು ಮಂದಿ ಮುಂದ ಮಾಡಿ, ಇಲ್ಲಿ ನನಗೊಬ್ಬಾಕಿಗೆ ಹೇಳಾಕ ಬಂದೀರಿ?"

"ಪುಟದಾಗೂ ಹಾಕೀನ್ರಿ."

"ಯಾರು ಓದ್ಯಾರ?"

ಶಾಲೆಯ ಗಂಟೆ ಹೊಡೆಯಿತು. ಆಕೆ ಹಾಜರಿ ಪುಸ್ತಕ ಎತ್ತಿಕೊಂಡು ಮೂರನೇ ತರಗತಿಗೆ ಹೋದರು. ಒಳಗಿನಿಂದ "ನಮಸ್ತೇ ಟೀಚರ್" ಎಂಬ ರಾಗ ಕೇಳಿಸಿತು.

ಮುಂದಿನ ಸೋಮವಾರದಿಂದ ನಮ್ಮ ಡೆಸ್ಕಿನಲ್ಲಿ ಒಂದು ಪದ್ಧತಿ ಬಂತು. ಅನುಮಾನ ಬಂದ ಕಾಮೆಂಟನ್ನು ಕಚೇರಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಬೇಕು. ಕೊನೆಯವರೆಗೆ ಓದಲಾದರೆ ಅದು ಎಷ್ಟೇ ಖಾರವಿದ್ದರೂ ಇರಲಿ. ನಮ್ಮ ಪತ್ರಿಕೆಯನ್ನೇ ಬೈದಿದ್ದರೂ ಇರಲಿ. ನಡುವೆ ನಾಲಿಗೆ ನಿಂತರೆ ಅಳಿಸಬೇಕು. ಆ ವರ್ಷ ನಮ್ಮ ಪುಟದ ಓದುಗರು ಕಡಿಮೆಯಾದರು. ಬೈಯಲು ಬೇರೆ ಪುಟಗಳಿದ್ದವು, ಅಲ್ಲಿಗೆ ಹೋದರು. ಇದರಿಂದ ಜನ ಮೆದುವಾದರು ಎಂದು ನಾನು ಹೇಳುವುದಿಲ್ಲ. ಅದಕ್ಕೆ ನನ್ನ ಹತ್ತಿರ ಆಧಾರವಿಲ್ಲ.

ಈಗ ಡೆಸ್ಕಿನಲ್ಲಿ ಮೂವರಿದ್ದೇವೆ. ಹೊಸದಾಗಿ ಬಂದವರು "ಪರವೋ ವಿರೋಧವೋ" ಎಂಬ ಶೀರ್ಷಿಕೆ ತಂದರೆ ನಾನು ಕೇಳುವುದು ಒಂದೇ: ನಾಳೆ ಬೆಳಗ್ಗೆ ಇದರ ಉತ್ತರ ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ? ಅವರ ಹತ್ತಿರ ಮಾತಾಡಿದ್ದೀಯಾ? ಮಾತಾಡದೆ ಕೇಳಿದ ಪ್ರಶ್ನೆ ಪ್ರಶ್ನೆಯಲ್ಲ, ತೀರ್ಪು ಎಂದು ತಿಳಿಯಲು ನನಗೆ ಇಪ್ಪತ್ತಾರು ಹಾಳೆ ಬೇಕಾಯಿತು. ಆದರೆ ಅದರ ಬೆಲೆ ತೆತ್ತವರು ರೇಣುಕಾ, ನಾನಲ್ಲ.