ಸಣ್ಣ ಉರಿ

ಮೂರನೇ ಮಹಡಿಯ ಟೈಲರ್ ಹೆಂಗಸು ಇಡೀ ಕಟ್ಟಡಕ್ಕೇ ದೊಡ್ಡಮ್ಮ. ನಿಜಕ್ಕೂ ಹಾಗೆ ಕರೆಯಬೇಕಾದ ತಂಗಿಯ ಮಕ್ಕಳು ಮಾತ್ರ ಆ ದಿಕ್ಕಿಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಬಿರುಗಾಳಿ ಬರುತ್ತದೆ, ಕರೆಂಟು ವಾರಗಟ್ಟಲೆ ಇರಲಿಕ್ಕಿಲ್ಲ ಎಂಬ ಸುದ್ದಿ ಬಂದಾಗ ಎಲ್ಲರೂ ಮೇಣದಬತ್ತಿಗೆ ಓಡಿದರು. ದೊಡ್ಡಮ್ಮ ಬಕೆಟ್ಟುಗಳಿಗೆ ನೀರು ತುಂಬಿ, ಅಟ್ಟದಿಂದ ಸೀಮೆಎಣ್ಣೆ ಸ್ಟೋವ್ ಇಳಿಸಿ ಬತ್ತಿ ಕತ್ತರಿಸಿದಳು. ಆಮೇಲೆ, ಒಂಟಿ ಹೆಂಗಸಾದರೂ, ಇದ್ದಬದ್ದ ಲೋಟಗಳನ್ನೆಲ್ಲ ತೊಳೆದಿಟ್ಟಳು.

ಗಾಳಿ ಬಂತು, ಕರೆಂಟು ಹೋಯಿತು. ಕರೆಂಟಿನ ಒಲೆ ನಂಬಿದ್ದವರೆಲ್ಲ ಪಾತ್ರೆ ಹಿಡಿದು ಅವಳ ಬಾಗಿಲಿಗೆ ಬಂದರು.

"ದೊಡ್ಡಮ್ಮ, ಸ್ವಲ್ಪ ಹಾಲು ಕಾಯಿಸ್ಕೊಳ್ಳಲಾ?"

"ಕೇಳೋದೇನು, ಬಾ. ಆ ಬಟ್ಟೆ ಗಂಟು ಪಕ್ಕಕ್ಕಿಟ್ಟು ಕೂತ್ಕೋ."

ಸ್ಟೋವಿನ ಉರಿಯನ್ನು ಅವಳು ಏರಿಸುತ್ತಲೇ ಇರಲಿಲ್ಲ. ಹಾಲು ಬೇಗ ಉಕ್ಕಿದರೆ ಜನ ಬೇಗ ಎದ್ದು ಹೋಗುತ್ತಾರಲ್ಲ! "ಎಣ್ಣೆ ಉಳೀಬೇಕಲ್ವಾ" ಎಂಬ ಸಮಜಾಯಿಷಿ ಬೇರೆ. ಎದುರುಮನೆಯ ನರ್ಸ್ ತನ್ನ ಅತ್ತೆಯ ಮೇಲೆ ದೂರು ಹೇಳುವಳು. ಅವಳು ಎದ್ದುಹೋದ ಮೇಲೆ ಅತ್ತೆ ಬಂದು ಸೊಸೆಯ ಮೇಲೆ ಹೇಳುವಳು. ದೊಡ್ಡಮ್ಮ ಹೊಲಿಗೆ ಯಂತ್ರ ತುಳಿಯುತ್ತ, ಹರಿದ ಕಾಲರು ತಿರುಗಿಸಿ ಹೊಲಿಯುತ್ತ, ಇಬ್ಬರಿಗೂ ತಲೆಯಾಡಿಸುವಳು. ವರ್ಷಗಳಿಂದ ಅವಳು ಅಷ್ಟು ಸುಖವಾಗಿ ಇದ್ದಿರಲಿಲ್ಲ.

ಒಂದು ಸಂಜೆ ನರ್ಸಿನ ಹಾಲು ಇನ್ನೂ ಉಗುರುಬೆಚ್ಚಗಿರುವಾಗಲೇ ದೀಪ ಹತ್ತಿತು. ಕಟ್ಟಡವಿಡೀ ಹೋ ಎಂದಿತು.

"ಮನೇಲೇ ಕಾಯಿಸ್ಕೊಳ್ತೀನಿ ಬಿಡಿ" ಎಂದು ನರ್ಸ್ ಪಾತ್ರೆ ಎತ್ತಿಕೊಂಡು ಓಡಿದಳು. ಅತ್ತೆಯ ಹೊಸ ಅಪರಾಧ ಏನೆಂಬುದು ಅರ್ಧಕ್ಕೇ ನಿಂತಿತು.

ಮರುದಿನ ಯಾರೂ ಬರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನನಗಾದರೆ ಸಿಟ್ಟು ಬರುತ್ತಿತ್ತು. ದೊಡ್ಡಮ್ಮನಿಗೆ ಮನೆ ಬಿಕೋ ಎನ್ನಿಸಿತು, ಅಷ್ಟೇ. ಅದರ ಮರುಸಂಜೆ ಅವಳೇ ಹೋಗಿ ತನ್ನ ಮನೆಯ ಮೇನ್ ಸ್ವಿಚ್ ಆರಿಸಿದಳು. ಕತ್ತಲೆ ನೋಡಿ, ಕರೆಂಟಿಲ್ವಾ ಎಂದು ಕೇಳಲು ಯಾರಾದರೂ ಬಂದಾರು. ಸ್ಟೋವಿನ ಮೇಲೆ ಹಾಲಿಟ್ಟು, ಪಕ್ಕದಲ್ಲಿ ಎರಡು ಲೋಟವಿಟ್ಟು, ಕಡ್ಡಿಪೆಟ್ಟಿಗೆ ಹಿಡಿದು ಕೂತಳು.

ಹೆಜ್ಜೆ ಸದ್ದು ಮೆಟ್ಟಿಲು ಹತ್ತಿ ಬಂದು ಬಾಗಿಲ ಮುಂದೆ ನಿಂತಿತು. ಅವಳು ಏಳಲು ಮೊಳಕಾಲಿಗೆ ಕೈಯೂರಿದಳು.

"ದೀಪ ಆರಿದೆ, ದೊಡ್ಡಮ್ಮ ಮಲಗಿರ್ಬೇಕು," ನರ್ಸ್ ಅತ್ತೆಗೆ ಪಿಸುಗುಟ್ಟಿದಳು. "ಇಷ್ಟು ದಿನ ನಮ್ಮ ಕಾಟದಲ್ಲಿ ನೆಮ್ಮದೀನೇ ಇರ್ಲಿಲ್ಲ, ಪಾಪ. ಈಗಲಾದ್ರೂ ಒಬ್ರೇ ಹಾಯಾಗಿರ್ಲಿ. ಮೆಲ್ಲಗೆ ಬನ್ನಿ."

ಬನ್ನಿ ಎಂದು ಒಳಗಿನಿಂದ ಕೂಗಿದ್ದರೆ ಸಾಕಿತ್ತು. ಯಾರನ್ನೂ ತಾನಾಗಿ ಕರೆದು ಅಭ್ಯಾಸವಿಲ್ಲದವಳು ಮೊಳಕಾಲಿನಿಂದ ಕೈ ತೆಗೆದು ಹಾಗೇ ಕೂತಳು. ಅತ್ತೆ ಸೊಸೆ ತುದಿಗಾಲಲ್ಲಿ ದಾಟಿಹೋದರು.

ದೊಡ್ಡಮ್ಮ ಕಡ್ಡಿ ಗೀರಿ ಸ್ಟೋವ್ ಹಚ್ಚಿದಳು, ಉರಿಯನ್ನು ಪೂರ್ತಿ ಏರಿಸಿದಳು. ಒಂದು ಲೋಟ ಎತ್ತಿಡುವಷ್ಟರಲ್ಲೇ ಹಾಲು ಉಕ್ಕಿತು.