ಉಪ್ಪು ಕೇಳುವ ಗುರಪಾದಪ್ಪ

ಸೊಲ್ಲಾಪುರದ ಸಂತಿಗೆ ಬಂದವರು ಮಕ್ಕಳುಮರಿ ಕಟ್ಟಿಕೊಂಡು ಗುರಪಾದಪ್ಪನ ಹಾಟೇಲದಾಗ ಉಪ್ಪಿಟ್ಟು ತಿಂದೇ ಮುಂದಿನ ಕೆಲಸ ನೋಡುವರು. ಗಂಡಸರ ಮುಂದೆ ತಾಟು ಕುಕ್ಕಿ ಹೋಗುವ ಆತ, ಹೆಣ್ಣುಮಕ್ಕಳು ಕೂತ ಪಡದೆಯ ಹೊರಗೆ ಮಾತ್ರ ಕೈಕಟ್ಟಿ ನಿಂತು, "ಉಪ್ಪು ಬರೋಬರಿ ಐತೇನ್ರೆವ್ವಾ?" ಅಂತ ಕೇಳುವನು, ಉತ್ತರ ಬರುವ ತನಕ ಕದಲನು. "ನಮ್ಮನ್ಯಾಕ ಕೇಳಂಗಿಲ್ಲೋ?" ಅಂತ ಗಂಡಸರು ಅಂದರೆ, "ನಿಮಗ ಹಸಿವಷ್ಟ ಗೊತ್ತು, ಮಾವಾ" ಅನ್ನುವನು. ಅಕ್ಕಲಕೋಟದ ಸೋಮವ್ವನಿಗೆ ಇದೇ ಸೋಜಿಗ. ಒಮ್ಮೆ ಆಕೆ, "ತುಸು ಕಡಿಮಿ ಐತಿ" ಅಂದು, ಆತನ ಬೆನ್ನ ಹಿಂದೆಯೇ ಒಲೆಯ ತನಕ ಹೋದಳು. ಅಲ್ಲಿ ಆತನ ಹೆಂಡತಿ ಸೌಟು ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು. "ದೊಡ್ಡ ಜ್ವರ ಬಂದು ಹೋದಾಗಿಂದ ನನ್ನ ನಾಲಿಗಿಗೆ ರುಚಿ ತಿಳಿಯಂಗಿಲ್ಲ, ತಂಗೀ. ಇವರು ನಾ ಏನು ಮಾಡಿದರೂ ಚೊಲೋ ಐತಿ ಅಂತಾರ, ಅದಕ್ಕ ಹೆಣ್ಣುಮಕ್ಕಳನ್ನ ಕೇಳಿ ಬರ್ರಿ ಅಂತ ಕಳಸ್ತೀನಿ. ಖರೇ ಎಷ್ಟು ಕಡಿಮಿ, ನೀ ಹೇಳು" ಅಂದಳು. ಸೋಮವ್ವ ಚಿಟಿಕೆ ಉಪ್ಪು ಎತ್ತಿ ಅವಳ ಅಂಗೈಯಲ್ಲಿಟ್ಟಳು: "ಇಷ್ಟ, ಅಕ್ಕಾ."