ಹುರುಳಿ ಹಾಸಿದ ರಸ್ತೆಗೆ ಹೇಮಾಶ್ರೀ ಆರಿಸಿದ ಟೈರು

ಸೈಕಲ್ಲಿನ ಬಗ್ಗೆ ನನಗೆ ಎಲ್ಲವೂ ಗೊತ್ತು, ತುಳಿಯುವುದೊಂದು ಬಿಟ್ಟು. ಬೇಲೂರಿನ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ರಶೀದಿ ಬರೆಯುವುದು ನನ್ನ ಕೆಲಸ. ರೂಮಿನಿಂದ ಲ್ಯಾಬಿಗೆ ಇನ್ನೂರು ಹೆಜ್ಜೆ. ಬಿಸಿಲಿದ್ದರೆ ಅದಕ್ಕೂ ಆಟೊ ಸಿಗುತ್ತದೇನೋ ಎಂದು ನೋಡುತ್ತೇನೆ. ಆದರೆ ಮೊಬೈಲಿನಲ್ಲಿ ಸೈಕಲ್ ವಿಡಿಯೊ ನೋಡಿದ್ದಕ್ಕೆ ಲೆಕ್ಕವಿಲ್ಲ. ಹಾಗಾಗಿ ಹೇಮಾಶ್ರೀ ಟೈರಿನ ಮಾತೆತ್ತಿದ ದಿನ ನಾನು ಪೆನ್ನಿಗೆ ಮುಚ್ಚಳ ಹಾಕಿ ನೆಟ್ಟಗೆ ಕೂತೆ.

ಹೇಮಾಶ್ರೀ ನಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವಳು. ಕೈಕಾಲು ಬಡಿದು ಅಳುವ ಮಗುವಿಗೂ ಒಂದೇ ಸಲಕ್ಕೆ ನರ ಹಿಡಿಯುತ್ತಾಳೆ. ಅವಳನ್ನು ತೆಗೆದುಕೊಂಡದ್ದು ಆರು ತಿಂಗಳು ನೋಡೋಣ ಎಂಬ ಮಾತಿನ ಮೇಲೆ. ಆ ಆರು ತಿಂಗಳು ಡಿಸೆಂಬರ್ ಕೊನೆಗೆ ಮುಗಿಯುವುದಿತ್ತು. ಅಷ್ಟರಲ್ಲೇ ಎರಡು ದಿನ ಬಸ್ಸು ತುಂಬಿ ಬಂದು, ನಿಲ್ಲಿಸದೆ ಹೋಗಿ, ತಡವಾಗಿತ್ತು. ಮಾಲೀಕ ಇಂದುಧರ ಅವರು ಒರಟರಲ್ಲ, ಆದರೆ ಮಾತು ಖಚಿತ.

"ಕೆಲಸದಲ್ಲಿ ನಿಂದೇನೂ ತಪ್ಪಿಲ್ಲಮ್ಮ. ಆದ್ರೆ ಸಕ್ಕರೆ ಟೆಸ್ಟಿನೋರು ರಾತ್ರಿಯಿಂದ ಹೊಟ್ಟೆ ಖಾಲಿ ಇಟ್ಕೊಂಡು ಬಂದಿರ್ತಾರೆ. ಏಳಕ್ಕೆ ನೀನು ಕುರ್ಚೀಲಿರಬೇಕು. ಇನ್ನೊಂದು ದಿನ ತಡ ಆದ್ರೂ ಊರಲ್ಲೇ ಇರೋರ್ನ ನೋಡ್ಕೋತೀನಿ."

ಮನೆಯ ಸ್ಕೂಟರು ಆ ಹೊತ್ತಿಗೆ ಅವಳಪ್ಪನೊಂದಿಗೆ ಹಾಲಿನ ಡೇರಿಗೆ ಹೋಗುತ್ತದೆ. ಹಸು ಕರೆಯುವುದು ಅವಳ ಪಾಲು. ಐದೂ ಐವತ್ತಕ್ಕೆ ಮೊದಲು ಹೊರಡುವಂತಿಲ್ಲ. ಉಳಿದದ್ದು ಅವಳ ತಮ್ಮ ಹಟ ಹಿಡಿದು ಕೊಡಿಸಿಕೊಂಡು, ಹಾಸನದ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಮೌಂಟನ್ ಬೈಕು. ಮೈತುಂಬ ಗುಬುಟು ಎದ್ದ, ದಪ್ಪನೆಯ ಬಟನ್ ಟೈರು. ಬೇಲೂರಿನವರೆಗಿನ ಹದಿನಾರು ಕಿಲೋಮೀಟರಿಗೆ ಅದು ಎಪ್ಪತ್ತೈದು ನಿಮಿಷ ತಿನ್ನುತ್ತಿತ್ತು. ಏಳೂ ಐದು. ಐದು ನಿಮಿಷಕ್ಕೆ ಕೆಲಸ ಹೋಗುತ್ತದೆ.

"ಬಟನ್ ಟೈರು ಬೆಟ್ಟಕ್ಕೆ," ಎಂದೆ ನಾನು. ಬೆಟ್ಟ ಅಂತ ನಾನು ಹತ್ತಿದ್ದು ನಮ್ಮೂರ ಮಾಲೇಕಲ್ಲು ಒಂದೇ, ಅದೂ ಅಮ್ಮನ ಹಿಂದೆ ಏದುಸಿರು ಬಿಡುತ್ತ. "ಟಾರಿಗೆ ಒಂದೂವರೆ ಇಂಚಿನ ನಯ ಟೈರು ಹಾಕು. ಹದಿನೈದು ನಿಮಿಷ ಉಳಿಯುತ್ತೆ."

ಭಾನುವಾರ ಅರಸೀಕೆರೆಯ ಮನೆಗೆ ಹೋದವನು ನಾನೇ ಟೈರು ತಂದೆ. ಅಂಗಡಿಯ ಮರುಳಪ್ಪ ಮೂವತ್ತು ವರ್ಷದಿಂದ ಸೈಕಲ್ ಬಿಚ್ಚಿ ಜೋಡಿಸುತ್ತಿರುವವರು.

"ಯಾವ ರಸ್ತೆಗೆ?"

"ಟಾರ್ ರಸ್ತೆಗೆ."

"ಅದು ಸರಿ ಕಣಪ್ಪ, ಟಾರಿನ ಮೇಲೆ ಏನೈತೆ?"

"ಏನಿರುತ್ತೆ ಮರುಳಪ್ಪಣ್ಣ, ಗಾಳಿ."

ಅವರು ನಕ್ಕು ಎರಡು ನಯ ಟೈರು ಕಟ್ಟಿಕೊಟ್ಟರು.

ಸೋಮವಾರ ಸಂಜೆ ಬಸ್ತಿಹಳ್ಳಿಗೆ ಹೋಗಿ ಟೈರು ಹಾಕಿ, ಹೆಬ್ಬೆರಳು ಒತ್ತಿದರೆ ಒಳಗೆ ಹೋಗದಷ್ಟು ಗಾಳಿ ಹೊಡೆದೆ. ಮರುದಿನ ಐವತ್ತೆಂಟು ನಿಮಿಷ! ಮೂರು ದಿನ ಹೀಗೇ ನಡೆಯಿತು. ಇಂದುಧರ ಅವರು ತಲೆಯಾಡಿಸಿದರು. ಆ ತಲೆಯಾಡಿಕೆಯಲ್ಲಿ ಅರ್ಧವನ್ನು ನಾನೇ ತೆಗೆದುಕೊಂಡೆ.

ಶುಕ್ರವಾರ ಅವಳು ಬಂದದ್ದು ಏಳಕ್ಕೆ ಎರಡು ನಿಮಿಷ ಇರುವಾಗ. ಮೊಣಕಾಲಿನ ಹತ್ತಿರ ಪ್ಯಾಂಟು ಹರಿದಿತ್ತು, ಮೊಣಕೈ ತರಚಿ ರಕ್ತ ಒಸರುತ್ತಿತ್ತು. ಗಾಯ ತೊಳೆದು, ಹತ್ತಿ ಒತ್ತಿ, ಕೈಗವಸು ಹಾಕಿ ಕುರ್ಚಿಯಲ್ಲಿ ಕೂತಳು. ಸರದಿಯಲ್ಲಿ ಮೊದಲಿದ್ದ ಅಜ್ಜಿ ಕೇಳಿದರು: "ನಿನ್ ರಕ್ತ ಯಾರವ್ವ ತೆಗೆದಿದ್ದು?"

ನನ್ನ ಕಡೆ ಬೆರಳು ತೋರಿಸಬಹುದಿತ್ತು. ಅವಳು ಅಜ್ಜಿಯ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು.

ನಡೆದದ್ದು ಇಷ್ಟು. ಹುರುಳಿ ಕಿತ್ತ ಕಾಲ. ನಮ್ಮ ಕಡೆ ಗಿಡವನ್ನು ರಸ್ತೆಯ ಮೇಲೆ ಹರಡುತ್ತಾರೆ; ಬಸ್ಸು, ಲಾರಿ ಓಡಾಡಿ ಕಾಯಿ ಒಡೆಯುತ್ತವೆ, ಆಮೇಲೆ ಗುಡಿಸಿ ಕಾಳು ತುಂಬಿಕೊಳ್ಳುತ್ತಾರೆ. ಹಿಂದಿನ ಸಂಜೆ ಅವಳ ದೊಡ್ಡಪ್ಪ ತಮ್ಮಯ್ಯ ಅವರು ರಸ್ತೆಯ ಉದ್ದಕ್ಕೂ ಹಾಸಿದ್ದರು. ನಸುಕತ್ತಲಲ್ಲಿ ದುಂಡನೆಯ ಕಾಳಿನ ಮೇಲೆ ನನ್ನ ನಯ ಟೈರು ಸರ್ರನೆ ಜಾರಿತು. ಹುಟ್ಟಿದಂದಿನಿಂದ ಹುರುಳಿಸಾರು ಉಂಡವನು ನಾನು. ಅದು ರಸ್ತೆಯ ಮೇಲಿಂದ ಬರುತ್ತದೆ ಎನ್ನುವುದನ್ನೇ ಮರೆತಿದ್ದೆ.

"ನಿಮ್ಮ ದೊಡ್ಡಪ್ಪನಿಗೆ ಹೇಳಿ ತೆಗೆಸು," ಎಂದೆ ಮಧ್ಯಾಹ್ನ.

"ತೆಗೆದು ಎಲ್ಲಿ ಹಾಕ್ತಾರೆ ಚೇತಣ್ಣ? ಕಣ ಮಾಡೋರು ಯಾರವ್ರೆ ಈಗ? ಭಾನುವಾರ ನಮ್ಮನೇದೂ ಅಲ್ಲೇ ಹಾಕೋದು."

"ಹಾಗಾದ್ರೆ ಹಳೇ ಬಟನ್ ಟೈರೇ ಗತಿ."

"ಏಳೂ ಐದಕ್ಕೆ ಬರೋಕಾ?" ಊಟದ ಡಬ್ಬಿಯ ಮುಚ್ಚಳವನ್ನು ಚಕ್ರದ ಹಾಗೆ ಮೇಜಿನ ಮೇಲೆ ಉರುಳಿಸಿದಳು. "ಬಿದ್ದಿದ್ದು ಮುಂದಿನ ಚಕ್ರ ಜಾರಿ. ಹಿಂದಿಂದು ಮೊನ್ನೆ ಯಾರದೋ ನಾಲ್ಕು ಕಾಳಿನ ಮೇಲೂ ಜಾರಿತ್ತು, ಕಾಲು ಊರಿ ನಿಂತ್ಕೊಂಡೆ. ಮುಂದಕ್ಕೆ ಮಾತ್ರ ಬಟನ್ ಹಾಕಿದ್ರೆ?"

"ಎರಡಕ್ಕೆ ಎರಡು ಥರ ಟೈರಾ? ಯಾವ ವಿಡಿಯೊದಲ್ಲೂ ಇಲ್ಲಮ್ಮ."

ಅವಳು ನನ್ನ ಫೋನು ಎತ್ತಿಕೊಂಡು ಮರುಳಪ್ಪನವರಿಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿ, ಎಲ್ಲವನ್ನೂ ಹೇಳಿದಳು.

"ಹಾಕ್ಕೋ ಮಗಳೇ, ಏನೂ ಆಗಕಿಲ್ಲ. ತಿರುಗೋದು ಮುಂದಿಂದು, ಭಾರ ಹೊರೋದು ಹಿಂದಿಂದು. ಗಾಳಿ ಹೆಂಗೈತೆ?"

"ಕಲ್ಲಿದ್ದಂಗೈತೆ."

"ಅಷ್ಟು ಗಟ್ಟಿಯಾದ್ರೆ ಜಾರದೆ ಇನ್ನೇನ್ ಮಾಡ್ತೈತೆ? ಯಾರು ಹೊಡೆದಿದ್ದು? ಆ ರಶೀದಿ ಬರೆಯೋ ಪುಣ್ಯಾತ್ಮನಾ? ಮೊದ್ಲು ಅವನ ಕೈಯಿಂದ ಪಂಪ್ ಕಿತ್ಕೋ!"

ನಾನು ಪಕ್ಕದಲ್ಲೇ ಇದ್ದೇನೆ ಎಂದು ನಾವಿಬ್ಬರೂ ಮರುಳಪ್ಪನವರಿಗೆ ಹೇಳಲಿಲ್ಲ.

ಶನಿವಾರ ಹುರುಳಿ ಬಂದಲ್ಲೆಲ್ಲ ಇಳಿದು ತಳ್ಳಿಕೊಂಡು ಬಂದಳು. ಏಳಕ್ಕೆ ಒಂದೇ ನಿಮಿಷ ಉಳಿದಿತ್ತು. ಭಾನುವಾರ ತಪ್ಪು ಮಾಡಿದವನ ಮುಖ ಹೊತ್ತು ನಾನೂ ಬಸ್ತಿಹಳ್ಳಿಗೆ ಹೋದೆ. ಎರಡು ಸ್ಟೀಲ್ ಚಮಚದ ಹಿಡಿಯಿಂದ ಅವಳೇ ಮುಂದಿನ ಟೈರು ಬದಲಿಸಿದ್ದಳು. ಈಗ ಮನೆಯ ಹುರುಳಿಯ ಮೇಲೆ ಹೋಗುವುದು, ತಿರುಗುವುದು, ಬರುವುದು. ಹಿಂದಿನ ಚಕ್ರ ಜಾರಿದಾಗಲೆಲ್ಲ ಇಳಿದು ಒಂದಿಷ್ಟು ಗಾಳಿ ಬಿಡುವುದು, ಮತ್ತೆ ಹತ್ತುವುದು. ಬ್ಯಾಂಡೇಜು ಕಟ್ಟಿದ ಮೊಣಕಾಲು ಮಡಿಸಿದಾಗ ಹಲ್ಲು ಕಚ್ಚುತ್ತಿದ್ದಳು, ನಿಲ್ಲಿಸಲಿಲ್ಲ.

ಕಟ್ಟೆಯ ಮೇಲೆ ಕೂತ ತಮ್ಮಯ್ಯ ಅವರು ಕೂಗಿದರು: "ಏನವ್ವ ಹೇಮಿ, ಲಾರಿ ಕೆಲ್ಸ ನೀನೇ ಮಾಡ್ತಿದೀಯಾ? ಮುಂದೆ ಟ್ರ್ಯಾಕ್ಟರು, ಹಿಂದೆ ರೇಸ್ ಗಾಡಿ!"

"ನಗಬ್ಯಾಡಿ ದೊಡ್ಡಪ್ಪ, ನಿಮ್ಮದನ್ನೂ ಒಡೆದುಕೊಡ್ತೀನಿ!"

ಮೂವತ್ತನೆಯ ಸುತ್ತಿನವರೆಗೆ ಎಣಿಸಿದೆ. ಕೊನೆಯ ಹತ್ತರಲ್ಲಿ ಅವಳು ಕಾಲು ಊರಲೇ ಇಲ್ಲ. "ನೀವೂ ಒಂದು ಸುತ್ತು ಹೊಡೀರಿ ಚೇತಣ್ಣ," ಎಂದಳು. ಹೊಡೆದೆ. ಅದರ ಬಗ್ಗೆ ಇಲ್ಲಿ ಬರೆಯುವ ಅಗತ್ಯವಿಲ್ಲ.

ಸೋಮವಾರ ಅರವತ್ತಾರು ನಿಮಿಷ. ಮಂಗಳವಾರ ಅರವತ್ನಾಲ್ಕು. ಚೈನಿಗೆ ಸಿಕ್ಕಿಕೊಂಡ ಹುರುಳಿ ಹೊಟ್ಟನ್ನು ಕಿತ್ತು ಬಾಗಿಲ ಪಕ್ಕ ಹಾಕಿ ಒಳಗೆ ಬರುತ್ತಿದ್ದಳು. ಮಂಜು ಬಿದ್ದ ದಿನವೂ, ಪಂಕ್ಚರ್ ಆಗಿ ಕೊನೆಯ ಒಂದು ಕಿಲೋಮೀಟರು ಸೈಕಲ್ ತಳ್ಳಿಕೊಂಡು ಓಡಿದ ದಿನವೂ, ಗಡಿಯಾರ ಏಳು ಹೊಡೆಯುವಾಗ ಅವಳು ಕುರ್ಚಿಯಲ್ಲಿದ್ದಳು.

ಡಿಸೆಂಬರ್ ಮೂವತ್ತೊಂದರಂದು ಇಂದುಧರ ಅವರು ಲ್ಯಾಬಿನ ಬೀಗದ ಕೈ ತಂದು ಅವಳ ಮುಂದಿಟ್ಟರು. "ನಾಳೆಯಿಂದ ಬಾಗಿಲು ನೀನೇ ತೆಗಿ. ಕೆಲಸ ಕಾಯಂ ಆದ ಕಾಗದ ಮಧ್ಯಾಹ್ನ ಕೊಡ್ತೀನಿ."

"ಸರಿ ಸರ್," ಎಂದು ಅವಳು ಅದನ್ನು ಗುರುತಿನ ಚೀಟಿಯ ದಾರಕ್ಕೆ ಕಟ್ಟಿಕೊಂಡಳು. ನಾನೇನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ, ಹೊರಗೆ ಹಸಿದು ಕೂತಿದ್ದವರ ಕಡೆ ತಿರುಗಿ ಕರೆದಳು: "ಮುಂದಿನೋರು ಬನ್ನಿ."